ಟೆನ್ಯೂರ್ ಎಂದರೇನು? ಅಮೆರಿಕದ ಕಾಲೇಜುಗಳು ಅಧ್ಯಾಪಕರನ್ನು ಅಳೆಯುವ ಬಗೆ

ಅಮೆರಿಕದ ಕಾಲೇಜೊಂದರಲ್ಲಿ ಪಾಠ ಹೇಳುವ ಮಗಳೋ ಅಳಿಯನೋ "ಮುಂದಿನ ವರ್ಷ ನನ್ನ ಟೆನ್ಯೂರ್ ಇದೆ" ಎಂದಾಗ ಊರಿನಲ್ಲಿರುವ ಹಿರಿಯರಿಗೆ ಅದು ಪರೀಕ್ಷೆಯೋ, ಬಡ್ತಿಯೋ, ಸಂದರ್ಶನವೋ ಸ್ಪಷ್ಟವಾಗುವುದಿಲ್ಲ. ಈಚಿನ ವರ್ಷಗಳಲ್ಲಿ ಈ ಪದ ಸುದ್ದಿಯಲ್ಲೂ ಪದೇ ಪದೇ ಬರುತ್ತಿದೆ. ಟೆನ್ಯೂರ್ ಪಡೆದವರನ್ನು ಐದು ವರ್ಷಕ್ಕೊಮ್ಮೆ ಮರುಪರಿಶೀಲಿಸಲು ಫ್ಲಾರಿಡಾ 2022ರಲ್ಲಿ ಕಾನೂನಿನ ಮೂಲಕ ದಾರಿ ಮಾಡಿತು. ಟೆಕ್ಸಾಸ್ 2023ರಲ್ಲಿ ಟೆನ್ಯೂರ್ ನಿಯಮಗಳನ್ನು ರಾಜ್ಯದ ಕಾನೂನಿಗೇ ಸೇರಿಸಿತು. ಇಂಡಿಯಾನಾ 2024ರಲ್ಲಿ ಬಡ್ತಿ ಮತ್ತು ಟೆನ್ಯೂರ್ ಕೊಡುವಾಗ ವೈಚಾರಿಕ ವೈವಿಧ್ಯವನ್ನೂ ನೋಡಬೇಕೆಂದು ವಿಧಿಸಿತು. ಈ ಜಗಳಗಳಲ್ಲಿ ಯಾರು ಸರಿ ಎಂಬುದು ಬೇರೆ ಮಾತು. ಅವು ಅರ್ಥವಾಗಬೇಕಾದರೆ ಕಾಲೇಜೊಂದು ತನ್ನ ಅಧ್ಯಾಪಕರನ್ನು ಯಾವ ಮಾನದಂಡದಿಂದ ಅಳೆಯುತ್ತದೆ, ಅಳೆಯುವವರು ಯಾರು, ಅಳತೆಯಲ್ಲಿ ಕಡಿಮೆ ಬಿದ್ದವರಿಗೆ ಏನಾಗುತ್ತದೆ ಎಂಬುದು ಮೊದಲು ತಿಳಿದಿರಬೇಕು.

ಪದದ ಅರ್ಥ

ಟೆನ್ಯೂರ್ ಎಂಬುದನ್ನು ಸ್ಥೂಲವಾಗಿ ಸೇವಾಭದ್ರತೆ ಎನ್ನಬಹುದು. ಗೊತ್ತುಪಡಿಸಿದ ಪರೀಕ್ಷಾವಧಿಯನ್ನು (ಪ್ರೊಬೇಷನ್) ಮುಗಿಸಿ ಪರಿಶೀಲನೆಯಲ್ಲಿ ಒಪ್ಪಿತರಾದ ಅಧ್ಯಾಪಕರನ್ನು ತಕ್ಕ ಕಾರಣವಿಲ್ಲದೆ, ಆ ಕಾರಣವನ್ನು ವಿಚಾರಣೆಯಲ್ಲಿ ಸಾಬೀತುಪಡಿಸದೆ, ಕೆಲಸದಿಂದ ತೆಗೆಯುವಂತಿಲ್ಲ ಎಂಬ ಕಟ್ಟುಪಾಡು ಅದು. "ಕೆಲಸ ಖಾಯಂ ಆಯಿತು" ಎಂದು ನಾವು ಹೇಳುವುದಕ್ಕೂ ಇದಕ್ಕೂ ಹೋಲಿಕೆ ಇದೆ, ಆದರೆ ಹೋಲಿಕೆ ಅರ್ಧದಾರಿಯಲ್ಲೇ ನಿಲ್ಲುತ್ತದೆ. ಖಾಯಂ ಆಗುವುದು ಸಾಮಾನ್ಯವಾಗಿ ದೊಡ್ಡ ತಕರಾರು ಇಲ್ಲದಿದ್ದರೆ ನಡೆದುಹೋಗುವ ಕ್ರಮ. ಟೆನ್ಯೂರ್ ವಿಷಯದಲ್ಲಿ ತಕರಾರು ಇಲ್ಲದಿರುವುದು ಸಾಲದು. ತಾನು ಅದಕ್ಕೆ ಅರ್ಹನೆಂದು ದಾಖಲೆ ಸಮೇತ ತೋರಿಸಿಕೊಡುವ ಹೊಣೆ ಅಭ್ಯರ್ಥಿಯ ಮೇಲೆಯೇ ಇರುತ್ತದೆ.

ಇದಕ್ಕಿಂತ ಹತ್ತಿರದ ಹೋಲಿಕೆ ನ್ಯಾಯಾಧೀಶರದು. ಸರ್ಕಾರ ನೇಮಿಸಿದ ನ್ಯಾಯಾಧೀಶರು ಸರ್ಕಾರದ ವಿರುದ್ಧವೇ ತೀರ್ಪು ಕೊಡಬೇಕಾದ ದಿನ ಬರುತ್ತದೆ. ನೇಮಿಸಿದವರು ಮುನಿದು ಮರುದಿನ ಅವರನ್ನು ಮನೆಗೆ ಕಳುಹಿಸುವಂತಿದ್ದರೆ ಆ ತೀರ್ಪಿಗೆ ಬೆಲೆ ಇರುವುದಿಲ್ಲ. ಈ ಹೋಲಿಕೆ ನನ್ನದಲ್ಲ. ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘ 1915ರಲ್ಲಿ ಹೊರಡಿಸಿದ ತತ್ತ್ವಗಳ ಘೋಷಣೆಯೇ ಪ್ರಾಧ್ಯಾಪಕರಿಗೂ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯವರಾದ ಟ್ರಸ್ಟಿಗಳಿಗೂ ಇರುವ ಸಂಬಂಧವನ್ನು ಫೆಡರಲ್ ನ್ಯಾಯಾಧೀಶರಿಗೂ ಅವರನ್ನು ನೇಮಿಸುವ ಅಧಿಕಾರಸ್ಥರಿಗೂ ಇರುವ ಸಂಬಂಧಕ್ಕೆ ಹೋಲಿಸಿತ್ತು.

ಇದು ಹುಟ್ಟಿದ್ದು ಹೇಗೆ

1900ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಡ್ವರ್ಡ್ ರಾಸ್ ಎಂಬ ಸಮಾಜವಿಜ್ಞಾನಿ ಕೆಲಸ ಬಿಡಬೇಕಾಯಿತು. ಆ ವಿಶ್ವವಿದ್ಯಾಲಯವನ್ನು ಕಟ್ಟಿದ ಕುಟುಂಬದ ಸಂಪತ್ತು ಬಂದದ್ದು ರೈಲುಮಾರ್ಗದಿಂದ, ಆ ಮಾರ್ಗ ಹಾಕಿದವರಲ್ಲಿ ಬಹುಪಾಲು ಚೀನೀ ಕಾರ್ಮಿಕರು. ರಾಸ್ ಏಷ್ಯಾದಿಂದ ಬರುವ ವಲಸೆಯನ್ನು ವಿರೋಧಿಸಿ, ನಗರದ ಟ್ರಾಮುಗಳು ಸಾರ್ವಜನಿಕ ಒಡೆತನಕ್ಕೆ ಬರಬೇಕೆಂದು ಒತ್ತಾಯಿಸಿ ಬಹಿರಂಗವಾಗಿ ಮಾತಾಡುತ್ತಿದ್ದರು. ಸ್ಥಾಪಕರಲ್ಲಿ ಒಬ್ಬರಾದ ಜೇನ್ ಸ್ಟ್ಯಾನ್‌ಫರ್ಡ್ ಅವರಿಗೆ ಇದು ಸಹಿಸಲಾಗಲಿಲ್ಲ. ವಲಸೆಗಾರರ ಬಗೆಗೆ ರಾಸ್ ಆಡಿದ ಮಾತುಗಳಲ್ಲಿ ಜನಾಂಗ ದ್ವೇಷವಿತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ರಕ್ಷಣೆಯ ಪ್ರಶ್ನೆ ಎದ್ದದ್ದೇ ಹಿತವಲ್ಲದ ಮಾತಿನಿಂದ. ಎಲ್ಲರಿಗೂ ಹಿತವಾದ ಮಾತಿಗೆ ರಕ್ಷಣೆ ಬೇಕಾಗುವುದು ಅಪರೂಪ.

ರಾಸ್ ಹೊರಹೋದುದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟವರಲ್ಲಿ ತತ್ತ್ವಶಾಸ್ತ್ರದ ಆರ್ಥರ್ ಲವ್‌ಜಾಯ್ ಒಬ್ಬರು. ಅವರೂ ದಾರ್ಶನಿಕ ಜಾನ್ ಡ್ಯೂಯಿಯವರೂ ಮುಂದಾಗಿ 1915ರಲ್ಲಿ ಪ್ರಾಧ್ಯಾಪಕರ ಸಂಘವನ್ನು ಕಟ್ಟಿದರು. ಡ್ಯೂಯಿ ಅದರ ಮೊದಲ ಅಧ್ಯಕ್ಷರಾದರು. ಇಂದಿಗೂ ಎಲ್ಲರೂ ಆಧಾರವಾಗಿ ಹಿಡಿಯುವ ದಾಖಲೆ ಮಾತ್ರ 1940ರದು. ಆ ಸಂಘವೂ ಅಮೆರಿಕದ ಕಾಲೇಜುಗಳ ಒಕ್ಕೂಟವೂ ಕೂಡಿ ಒಪ್ಪಿದ ಆ ಹೇಳಿಕೆಯ ಪ್ರಕಾರ ಟೆನ್ಯೂರ್‌ಗೆ ಎರಡು ಉದ್ದೇಶಗಳಿವೆ: ಬೋಧನೆ ಮತ್ತು ಸಂಶೋಧನೆಯ ಸ್ವಾತಂತ್ರ್ಯವನ್ನು ಕಾಯುವುದು, ಸಮರ್ಥರು ಈ ವೃತ್ತಿಗೆ ಬರುವಷ್ಟು ಆರ್ಥಿಕ ಭರವಸೆ ಕೊಡುವುದು. ಪರೀಕ್ಷಾವಧಿ ಏಳು ವರ್ಷವನ್ನು ಮೀರಬಾರದು, ಮುಂದುವರಿಸುವುದಿಲ್ಲ ಎಂದಾದರೆ ಅವಧಿ ಮುಗಿಯುವುದಕ್ಕೆ ಕನಿಷ್ಠ ಒಂದು ವರ್ಷ ಮುಂಚೆ ತಿಳಿಸಬೇಕು ಎಂಬ ಮಾತುಗಳು ಬಂದದ್ದೂ ಅದರಲ್ಲಿಯೇ. ಈ ಹೇಳಿಕೆ ಕಾನೂನಲ್ಲ. ಪ್ರತಿ ಕಾಲೇಜು ತನ್ನ ಅಧ್ಯಾಪಕರ ಕೈಪಿಡಿಯಲ್ಲಿ ಇದನ್ನು ತನಗೆ ಬೇಕಾದ ಮಾತುಗಳಲ್ಲಿ ಅಳವಡಿಸಿಕೊಳ್ಳುತ್ತದೆ. ಆದ್ದರಿಂದಲೇ ಒಂದು ಕಾಲೇಜಿನ ನಿಯಮವನ್ನು ಓದಿ ಇನ್ನೊಂದರ ಬಗ್ಗೆ ತೀರ್ಮಾನಕ್ಕೆ ಬರಲಾಗದು.

ಏಣಿ ಮತ್ತು ಗಡಿಯಾರ

ಹುದ್ದೆಯ ಏಣಿಗೆ ಮೂರು ಮೆಟ್ಟಿಲು. ಹೊಸದಾಗಿ ಸೇರುವವರು ಸಹಾಯಕ ಪ್ರಾಧ್ಯಾಪಕರು, ಅದರ ಮೇಲೆ ಸಹ ಪ್ರಾಧ್ಯಾಪಕರು, ಕೊನೆಯಲ್ಲಿ ಪೂರ್ಣ ಪ್ರಾಧ್ಯಾಪಕರು. ಬಡ್ತಿ ಎಂಬುದು ಮೆಟ್ಟಿಲು ಏರುವುದು; ಟೆನ್ಯೂರ್ ಎಂಬುದು ಏಣಿಯನ್ನೇ ಗೋಡೆಗೆ ಬಿಗಿಯುವುದು. ಹೆಚ್ಚಿನ ಕಾಲೇಜುಗಳಲ್ಲಿ ಸಹಾಯಕ ಸ್ಥಾನದಿಂದ ಸಹ ಪ್ರಾಧ್ಯಾಪಕ ಸ್ಥಾನಕ್ಕೆ ಬಡ್ತಿಯೂ ಟೆನ್ಯೂರೂ ಒಟ್ಟಿಗೇ ಬರುವುದರಿಂದ ಎರಡೂ ಒಂದೇ ಎಂಬ ಭಾವನೆ ಬೆಳೆದಿದೆ. ತಾತ್ತ್ವಿಕವಾಗಿ ನೋಡಿದರೆ ಬಡ್ತಿ ಹಿಂದಿನ ಕೆಲಸಕ್ಕೆ ಸಲ್ಲುವ ಮನ್ನಣೆ, ಟೆನ್ಯೂರ್ ಮುಂದಿನ ಕೆಲಸದ ಮೇಲೆ ಕಾಲೇಜು ಇಡುವ ನಂಬಿಕೆ. ಎರಡಕ್ಕೂ ನೋಡುವುದು ಅದೇ ಕಡತವನ್ನೇ ಆದರೂ ಕೇಳುವ ಪ್ರಶ್ನೆ ಬೇರೆ: ಬಡ್ತಿಗೆ "ಇವರು ಏನು ಮಾಡಿದ್ದಾರೆ?", ಟೆನ್ಯೂರ್‌ಗೆ "ಇವರು ಇನ್ನು ಮೂವತ್ತು ವರ್ಷ ಹೀಗೆಯೇ ಮಾಡುತ್ತಾರೆಯೇ?"

ಸೇರಿದ ದಿನದಿಂದಲೇ ಗಡಿಯಾರ ಓಡತೊಡಗುತ್ತದೆ. ಮೂರನೆಯ ವರ್ಷದ ಹೊತ್ತಿಗೆ ಒಂದು ಮಧ್ಯಂತರ ಪರಿಶೀಲನೆ ನಡೆಯುತ್ತದೆ. ದಾರಿ ತಪ್ಪಿದ್ದರೆ ತಿದ್ದಿಕೊಳ್ಳಲು ಇನ್ನೂ ಸಮಯವಿರುವ ಘಟ್ಟ ಅದು. ಆರನೆಯ ವರ್ಷದಲ್ಲಿ ಅಂತಿಮ ಪರಿಶೀಲನೆ. ಏಳು ವರ್ಷದ ಮಿತಿಗೆ ಆರನೆಯ ವರ್ಷವೇ ಏಕೆ ಎಂದರೆ, ಒಪ್ಪಿಗೆ ಸಿಗದವರಿಗೆ ಬೇರೆ ಕೆಲಸ ಹುಡುಕಲು ಒಂದು ವರ್ಷದ ಸೂಚನೆ ಕೊಡಬೇಕೆಂಬ ನಿಯಮವನ್ನು ಆ ಏಳನೆಯ ವರ್ಷವೇ ಪೂರೈಸುತ್ತದೆ. ಮಗುವಿನ ಜನನ, ಗಂಭೀರ ಕಾಯಿಲೆಯಂತಹ ಸಂದರ್ಭಗಳಲ್ಲಿ ಹಲವು ಕಾಲೇಜುಗಳು ಗಡಿಯಾರವನ್ನು ಒಂದು ವರ್ಷ ನಿಲ್ಲಿಸುತ್ತವೆ. 2020ರಲ್ಲಿ ಕೋವಿಡ್ ಬಂದಾಗ ಪ್ರಯೋಗಾಲಯಗಳೂ ಗ್ರಂಥಾಲಯಗಳೂ ಮುಚ್ಚಿದ್ದರಿಂದ ಅನೇಕ ಸಂಸ್ಥೆಗಳು ಇಂತಹ ಒಂದು ವರ್ಷವನ್ನು ಎಲ್ಲರಿಗೂ ಕೊಟ್ಟವು. ಎರಡು ವರ್ಷದ ಶಿಕ್ಷಣ ಕೊಡುವ ಸಮುದಾಯ ಕಾಲೇಜುಗಳಲ್ಲಿ ಅವಧಿ ಇನ್ನೂ ಚಿಕ್ಕದಿರಬಹುದು; ಕ್ಯಾಲಿಫೋರ್ನಿಯಾದಲ್ಲಿ ಅದು ಸಾಮಾನ್ಯವಾಗಿ ನಾಲ್ಕು ವರ್ಷ.

ತಕ್ಕಡಿಯಲ್ಲಿ ಇಡುವುದೇನು

ಯಾವ ಕಾಲೇಜಿನ ಕೈಪಿಡಿ ತೆರೆದರೂ ಮೂರು ಹೆಸರುಗಳು ಕಾಣುತ್ತವೆ: ಬೋಧನೆ, ಸಂಶೋಧನೆ, ಸೇವೆ. ಹೆಸರುಗಳು ಒಂದೇ ಆದರೂ ಅವುಗಳ ತೂಕ ಕಾಲೇಜಿನ ಸ್ವರೂಪಕ್ಕೆ ತಕ್ಕಂತೆ ಬದಲಾಗುತ್ತದೆ, ಮತ್ತು ಹೊರಗಿನವರು ತಪ್ಪು ತಿಳಿಯುವುದು ಹೆಚ್ಚಾಗಿ ಇಲ್ಲಿಯೇ. ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ಅದ್ಭುತವಾಗಿ ಪಾಠ ಹೇಳಿದರೂ ಪ್ರಕಟಣೆಗಳು ಸಾಲದಿದ್ದರೆ ಟೆನ್ಯೂರ್ ಸಿಗುವುದು ಕಷ್ಟ. ಪದವಿ ಶಿಕ್ಷಣವನ್ನೇ ಮುಖ್ಯವಾಗಿಸಿಕೊಂಡ ಸಣ್ಣ ಕಾಲೇಜಿನಲ್ಲಿ ಪಾಠ ಸೋತರೆ ಪ್ರಕಟಣೆಗಳ ಉದ್ದ ಪಟ್ಟಿಯೂ ಕೈಹಿಡಿಯುವುದಿಲ್ಲ. ಸಮುದಾಯ ಕಾಲೇಜುಗಳಲ್ಲಿ ಬಹುಮಟ್ಟಿಗೆ ಸಂಶೋಧನೆಯನ್ನು ಕೇಳುವುದೇ ಇಲ್ಲ.

ಬೋಧನೆಯನ್ನು ಅಳೆಯುವುದು ಮೂರರಲ್ಲಿ ಅತ್ಯಂತ ಕಷ್ಟದ ಕೆಲಸ. ಅವಧಿಯ ಕೊನೆಗೆ ವಿದ್ಯಾರ್ಥಿಗಳು ತುಂಬಿಕೊಡುವ ಅಭಿಪ್ರಾಯ ಪತ್ರಗಳೇ ಬಹುಕಾಲ ಮುಖ್ಯ ಸಾಕ್ಷ್ಯವಾಗಿದ್ದವು, ಏಕೆಂದರೆ ಅವುಗಳಿಂದ ಒಂದು ಸರಾಸರಿ ಅಂಕ ಸುಲಭವಾಗಿ ದೊರೆಯುತ್ತದೆ. ಆದರೆ ಆ ಅಂಕ ಅಳೆಯುವುದು ಕಲಿಕೆಯನ್ನೋ, ಅಧ್ಯಾಪಕರ ಮೇಲಿನ ಮೆಚ್ಚುಗೆಯನ್ನೋ ಎಂಬ ಪ್ರಶ್ನೆ ಇದೆ; ಅಧ್ಯಾಪಕರು ಮಹಿಳೆಯೋ ಪುರುಷರೋ, ಯಾವ ಜನಾಂಗದವರು ಎಂಬುದೂ ಅಂಕದ ಮೇಲೆ ಪರಿಣಾಮ ಬೀರಬಲ್ಲದು ಎಂದು ಹಲವು ಅಧ್ಯಯನಗಳು ತೋರಿಸಿವೆ. ಹಾಗಾಗಿ ಈ ಅಭಿಪ್ರಾಯ ಪತ್ರಗಳನ್ನು ಒಂಟಿ ಸಾಕ್ಷ್ಯವಾಗಿ ಬಳಸಬಾರದೆಂದು ಅಮೆರಿಕದ ಸಮಾಜಶಾಸ್ತ್ರ ಸಂಘ 2019ರಲ್ಲಿ ಸಲಹೆ ಕೊಟ್ಟಿತು. ಇಂದು ಹೆಚ್ಚಿನ ಕಡತಗಳಲ್ಲಿ ಇವುಗಳ ಜೊತೆಗೆ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳಿದ ಸಹೋದ್ಯೋಗಿಗಳ ವರದಿ, ಪಠ್ಯಯೋಜನೆ, ಕೊಟ್ಟ ಪ್ರಶ್ನೆಪತ್ರಿಕೆಗಳು, ತಿದ್ದಿದ ಉತ್ತರಗಳ ಮಾದರಿ, ತನ್ನ ಬೋಧನೆಯ ಬಗ್ಗೆ ಅಭ್ಯರ್ಥಿಯೇ ಬರೆದ ಹೇಳಿಕೆ ಇರುತ್ತವೆ. ಊಟದ ರುಚಿಯನ್ನು ಉಂಡವರಿಂದ ಮಾತ್ರ ಕೇಳದೆ, ಅಡುಗೆ ಬಲ್ಲ ಇನ್ನೊಬ್ಬರನ್ನು ಒಲೆಯ ಬಳಿ ನಿಲ್ಲಿಸಿ ನೋಡಿದಂತೆ ಇದು.

ಸಂಶೋಧನೆಗೆ ಬಂದರೆ ಒಂದೊಂದು ಶಾಸ್ತ್ರದ ರೂಢಿ ಒಂದೊಂದು. ಸಂಶೋಧನೆಗೆ ಒತ್ತು ಕೊಡುವ ಕಡೆಗಳಲ್ಲಿ ಇತಿಹಾಸದವರಿಂದ ವಿಶ್ವವಿದ್ಯಾಲಯದ ಮುದ್ರಣಾಲಯ ಪ್ರಕಟಿಸಿದ ಪುಸ್ತಕವನ್ನು ನಿರೀಕ್ಷಿಸುತ್ತಾರೆ. ರಸಾಯನಶಾಸ್ತ್ರದಲ್ಲಿ ಪುಸ್ತಕವನ್ನು ಯಾರೂ ಕೇಳುವುದಿಲ್ಲ, ವಿಮರ್ಶಕರ ಪರಿಶೀಲನೆ ದಾಟಿದ ಲೇಖನಗಳೂ ತಂದ ಅನುದಾನವೂ ಲೆಕ್ಕಕ್ಕೆ ಬರುತ್ತವೆ. ಕಂಪ್ಯೂಟರ್ ವಿಜ್ಞಾನದಲ್ಲಿ ಪತ್ರಿಕೆಯ ಲೇಖನಕ್ಕಿಂತ ಪ್ರತಿಷ್ಠಿತ ಸಮ್ಮೇಳನದ ಪ್ರಬಂಧಕ್ಕೆ ಹೆಚ್ಚಿನ ಮಾನ ಇರಬಹುದು. ಚಿತ್ರಕಲಾ ವಿಭಾಗದಲ್ಲಿ ಪ್ರದರ್ಶನ, ಸಂಗೀತದಲ್ಲಿ ಕಛೇರಿ ಮತ್ತು ಸಂಯೋಜನೆ. ಇತಿಹಾಸಕಾರರೂ ರಸಾಯನಶಾಸ್ತ್ರಜ್ಞರೂ ಇರುವ ಕಾಲೇಜು ಮಟ್ಟದ ಸಮಿತಿಯೊಂದು ನರ್ತಕಿಯ ಕಡತವನ್ನು ತೂಗಬೇಕಾಗಿ ಬರುವುದರಿಂದ, ಪ್ರತಿ ವಿಭಾಗವೂ ತನ್ನ ಶಾಸ್ತ್ರದಲ್ಲಿ ಯಾವುದು ಯಾವುದಕ್ಕೆ ಸಮ ಎಂಬುದನ್ನು ಬರೆದಿಡಬೇಕೆಂದು ಹಲವು ಕಡೆ ನಿಯಮವಿದೆ.

ಸಂಶೋಧನೆ ಎಂಬ ಪದವನ್ನೇ ಹಿಗ್ಗಿಸಬೇಕೆಂಬ ವಾದವೂ ಹಳೆಯದು. ಕಾರ್ನೆಗಿ ಬೋಧನಾ ಪ್ರತಿಷ್ಠಾನದ ಅಧ್ಯಕ್ಷರಾಗಿದ್ದ ಅರ್ನೆಸ್ಟ್ ಬೋಯರ್ 1990ರ ತಮ್ಮ ವರದಿಯಲ್ಲಿ ವಿದ್ವತ್ತಿಗೆ ನಾಲ್ಕು ಮುಖಗಳಿವೆ ಎಂದರು: ಹೊಸದನ್ನು ಕಂಡುಹಿಡಿಯುವುದು, ಬೇರೆ ಬೇರೆ ಶಾಸ್ತ್ರಗಳ ತಿಳಿವಳಿಕೆಯನ್ನು ಬೆಸೆಯುವುದು, ತಿಳಿದದ್ದನ್ನು ಬಳಕೆಗೆ ತರುವುದು, ಬೋಧಿಸುವುದು. ಇದರ ಪ್ರಭಾವದಿಂದ, ತನ್ನ ವಿಷಯವನ್ನು ವಿದ್ಯಾರ್ಥಿಗಳು ಹೇಗೆ ಕಲಿಯುತ್ತಾರೆಂದು ಅಧ್ಯಯನ ಮಾಡಿ ಪ್ರಕಟಿಸಿದ ಲೇಖನವನ್ನೂ ಅನೇಕ ಕಾಲೇಜುಗಳು ಸಂಶೋಧನೆಯೆಂದೇ ಎಣಿಸತೊಡಗಿದವು. ಇನ್ನೊಂದು ದಿಕ್ಕಿನಿಂದ, ಲೇಖನದ ಗುಣವನ್ನು ಅದು ಅಚ್ಚಾದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳನ್ನು ಇತರರು ಸರಾಸರಿ ಎಷ್ಟು ಬಾರಿ ಉಲ್ಲೇಖಿಸುತ್ತಾರೆಂಬ ಅಂಕ) ನೋಡಿ ನಿರ್ಧರಿಸಬಾರದೆಂಬ ಘೋಷಣೆ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡಿತು. ಎಣಿಸುವುದು ಸುಲಭ, ಓದುವುದು ಕಷ್ಟ. ಹಾಗಾಗಿ ಸಮಿತಿಗಳು ಎಣಿಕೆಯ ಕಡೆಗೆ ಜಾರುವುದು ಇನ್ನೂ ನಿಂತಿಲ್ಲ.

ಸೇವೆ ಎಂದರೆ ಸಮಿತಿಗಳಲ್ಲಿ ಕೂರುವುದು, ವಿದ್ಯಾರ್ಥಿಗಳಿಗೆ ಮಾರ್ಗದರ್ಶನ, ಪಠ್ಯಕ್ರಮ ರಚನೆ, ಶಾಸ್ತ್ರಸಂಘಗಳ ಕೆಲಸ. ಇದರಲ್ಲಿ ಎಷ್ಟು ಮಾಡಿದರೂ ಟೆನ್ಯೂರ್ ಸಿಗುವುದಿಲ್ಲ, ಏನೂ ಮಾಡದಿದ್ದರೆ ಮಾತು ಬರುತ್ತದೆ. ಕೆಲವು ಕಡೆ "ಸಹೋದ್ಯೋಗಿಗಳೊಂದಿಗೆ ಹೊಂದಾಣಿಕೆ" ಎಂಬ ನಾಲ್ಕನೆಯ ಮಾನದಂಡವನ್ನು ಸೇರಿಸುವ ಯತ್ನಗಳು ನಡೆದಿವೆ. ಭಿನ್ನಾಭಿಪ್ರಾಯ ಹೇಳುವವರನ್ನು ಹೊರಹಾಕಲು ಅದೇ ನೆಪವಾದೀತೆಂದು ಪ್ರಾಧ್ಯಾಪಕರ ಸಂಘ 1999ರಲ್ಲಿ ಅದನ್ನು ಪ್ರತ್ಯೇಕ ಮಾನದಂಡವಾಗಿಸುವುದನ್ನು ವಿರೋಧಿಸಿತು.

ಕಡತದ ಪಯಣ

ಅಂತಿಮ ಪರಿಶೀಲನೆಯ ವರ್ಷಕ್ಕೆ ಮುಂಚಿನ ಬೇಸಿಗೆಯಲ್ಲಿ ಅಭ್ಯರ್ಥಿ ಕಡತ ಸಿದ್ಧಪಡಿಸುತ್ತಾರೆ. ಸಂಶೋಧನೆಗೆ ಒತ್ತು ಕೊಡುವ ಸಂಸ್ಥೆಗಳು ಅದನ್ನು ಹೊರಗಿನ ವಿಶ್ವವಿದ್ಯಾಲಯಗಳಲ್ಲಿರುವ ಅದೇ ಶಾಸ್ತ್ರದ ತಜ್ಞರಿಗೆ ಕಳುಹಿಸಿ ಪತ್ರ ತರಿಸಿಕೊಳ್ಳುತ್ತವೆ. ಅಭ್ಯರ್ಥಿಯ ಪಿಎಚ್.ಡಿ. ಮಾರ್ಗದರ್ಶಕರೂ ಜೊತೆಯಾಗಿ ಲೇಖನ ಬರೆದವರೂ ಇಂತಹ ಪತ್ರ ಬರೆಯಲು ಸಾಮಾನ್ಯವಾಗಿ ಬರುವುದಿಲ್ಲ; ಹೆಣ್ಣಿನ ಕಡೆಯವರೇ ಹೆಣ್ಣಿನ ಗುಣ ಹೇಳಿದರೆ ನಂಬುವವರು ಯಾರು ಎಂಬ ತರ್ಕವೇ ಇಲ್ಲಿಯೂ ನಡೆಯುತ್ತದೆ. ಪತ್ರಗಳೊಡನೆ ಕಡತ ವಿಭಾಗದ ಟೆನ್ಯೂರ್ ಪಡೆದ ಸದಸ್ಯರ ಮುಂದೆ ಬರುತ್ತದೆ, ಅವರು ಚರ್ಚಿಸಿ ಮತ ಹಾಕುತ್ತಾರೆ. ಅಲ್ಲಿಂದ ವಿಭಾಗದ ಮುಖ್ಯಸ್ಥರು, ಕಾಲೇಜು ಮಟ್ಟದ ಸಮಿತಿ, ಡೀನ್, ಪ್ರೊವೋಸ್ಟ್ ಎಂದು ಕರೆಯುವ ಶೈಕ್ಷಣಿಕ ಮುಖ್ಯಾಧಿಕಾರಿ, ಅಧ್ಯಕ್ಷರು, ಕೊನೆಗೆ ಟ್ರಸ್ಟಿ ಮಂಡಳಿ. ಸಣ್ಣ ಕಾಲೇಜುಗಳಲ್ಲಿ ಒಂದೆರಡು ಹಂತ ಕಡಿಮೆ ಇರಬಹುದು. ಪ್ರತಿ ಹಂತದವರೂ ಶಿಫಾರಸನ್ನು ಬರಹದಲ್ಲಿ ಸೇರಿಸುತ್ತಾ ಹೋಗುವುದರಿಂದ ಕಡತ ದಪ್ಪವಾಗುತ್ತಾ ಮೇಲೇರುತ್ತದೆ. ಕೆಳಗಿನವರು ಶಾಸ್ತ್ರವನ್ನು ಬಲ್ಲವರು, ಮೇಲಿನವರು ಇಡೀ ಕಾಲೇಜಿನ ಮಟ್ಟವನ್ನು ಬಲ್ಲವರು. ಇಬ್ಬರೂ ಒಪ್ಪಿದರೆ ತಪ್ಪಾಗುವುದು ಕಡಿಮೆ ಎಂಬುದು ಈ ಏರ್ಪಾಟಿನ ಹಿಂದಿನ ಲೆಕ್ಕ.

ಇಷ್ಟೊಂದು ಎಚ್ಚರಿಕೆ ಏಕೆ ಎಂಬುದಕ್ಕೆ ವಯಸ್ಸಿನ ಲೆಕ್ಕ ಸಾಕು. ಟೆನ್ಯೂರ್ ಪಡೆದ ಪ್ರಾಧ್ಯಾಪಕರನ್ನು ಇಂತಿಷ್ಟು ವಯಸ್ಸಿಗೆ ಕಡ್ಡಾಯವಾಗಿ ನಿವೃತ್ತಿಗೊಳಿಸುವ ಅವಕಾಶ 1994ರಿಂದ ಅಮೆರಿಕದ ಕಾಲೇಜುಗಳಿಗೆ ಇಲ್ಲ. ಮೂವತ್ತೇಳನೆಯ ವಯಸ್ಸಿನಲ್ಲಿ ಒಪ್ಪಿಕೊಂಡವರು ಎಪ್ಪತ್ತು ದಾಟಿಯೂ ಅದೇ ಕುರ್ಚಿಯಲ್ಲಿ ಇರಬಹುದು.

ಮಾನದಂಡದ ಮಾತು ಏಕೆ ಮಸುಕು

ಕೈಪಿಡಿಗಳಲ್ಲಿ ಕಾಣುವುದು "ಬೋಧನೆಯಲ್ಲಿ ಉತ್ಕೃಷ್ಟತೆ", "ನಿರಂತರ ಸಂಶೋಧನೆಯ ಭರವಸೆ" ಎಂಬಂತಹ ಮಾತುಗಳು. ಎಷ್ಟು ಲೇಖನ ಬೇಕು ಎಂದು ನೇರವಾಗಿ ಬರೆಯಬಾರದೇ ಎಂಬುದು ಹೊಸಬರ ಸಹಜ ಅಳಲು. ಐದು ಎಂದು ಬರೆದರೆ ಐದು ತೆಳುವಾದ ಲೇಖನಗಳು ಬರುತ್ತವೆ, ಶಾಸ್ತ್ರವನ್ನೇ ತಿರುಗಿಸಿದ ಒಂದು ಲೇಖನ ಬರೆದವರು ಸೋಲುತ್ತಾರೆ. ಬರೆಯದಿದ್ದರೆ ಅಭ್ಯರ್ಥಿಗೆ ಗುರಿ ಕಾಣುವುದಿಲ್ಲ, ತೀರ್ಪು ಕೊಡುವವರಿಗೆ ಪಕ್ಷಪಾತಕ್ಕೆ ಸಂದು ಸಿಗುತ್ತದೆ. ಈ ಇಕ್ಕಟ್ಟಿಗೆ ಪೂರ್ಣ ಪರಿಹಾರ ಇಲ್ಲ. ಪ್ರಾಧ್ಯಾಪಕರ ಸಂಘ, ಅಮೆರಿಕದ ಶಿಕ್ಷಣ ಮಂಡಳಿ ಮತ್ತು ಕಾಲೇಜುಗಳಿಗೆ ವಿಮೆ ಒದಗಿಸುವ ಸಂಸ್ಥೆಯೊಂದು ಕೂಡಿ 2000ದಲ್ಲಿ ಕೊಟ್ಟ ಮಾರ್ಗಸೂಚಿ ನಾಲ್ಕು ವಿಷಯಗಳನ್ನು ಹಿಡಿದು ಹೇಳಿತು: ಮಾನದಂಡ ಸ್ಪಷ್ಟವಾಗಿರಲಿ, ಒಬ್ಬರಿಗೊಂದು ಇನ್ನೊಬ್ಬರಿಗೊಂದು ನ್ಯಾಯ ಬೇಡ, ವರ್ಷವರ್ಷದ ಪರಿಶೀಲನೆಯಲ್ಲಿ ಕೊರತೆಯನ್ನು ಮುಚ್ಚಿಡದೆ ಹೇಳಿ, ಟೆನ್ಯೂರ್ ಸಿಗದವರನ್ನು ಮಾನವೀಯವಾಗಿ ನಡೆಸಿಕೊಳ್ಳಿ. ನನಗೆ ಇವುಗಳಲ್ಲಿ ಮೂರನೆಯದೇ ತೂಕದ್ದೆನಿಸುತ್ತದೆ. ಐದು ವರ್ಷ "ಚೆನ್ನಾಗಿದೆ" ಎಂದು ಪತ್ರ ಬರೆದ ವಿಭಾಗ ಆರನೆಯ ವರ್ಷ "ಸಾಲದು" ಎಂದರೆ, ತಪ್ಪು ಅಭ್ಯರ್ಥಿಯದು ಮಾತ್ರ ಎನ್ನಲಾಗದು, ಮತ್ತು ವ್ಯಾಜ್ಯಗಳಲ್ಲಿ ವಕೀಲರು ಮೊದಲು ತೆರೆಯುವುದೂ ಆ ಹಳೆಯ ಪತ್ರಗಳನ್ನೇ.

ಸಿಗದಿದ್ದರೆ

ಟೆನ್ಯೂರ್ ನಿರಾಕರಣೆ ಎಂದರೆ ಅದೇ ಹುದ್ದೆಯಲ್ಲಿ ಮುಂದುವರಿಯುವುದು ಅಲ್ಲ. ಕೊನೆಯ ಒಂದು ವರ್ಷ ಪಾಠ ಹೇಳಿ ಹೊರಡಬೇಕು. ಮೇಲ್ಮನವಿಗೆ ಅವಕಾಶವಿದ್ದರೂ ಅದು ಸಾಮಾನ್ಯವಾಗಿ ಕ್ರಮ ಪಾಲಿಸಲಾಗಿದೆಯೇ, ತಾರತಮ್ಯ ನಡೆದಿದೆಯೇ, ಶೈಕ್ಷಣಿಕ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಿದೆಯೇ ಎಂಬ ಪ್ರಶ್ನೆಗಳಿಗೆ ಸೀಮಿತ. ಸಂಶೋಧನೆ ಚೆನ್ನಾಗಿತ್ತೇ ಎಂಬುದನ್ನು ಮೇಲ್ಮನವಿ ಸಮಿತಿ ಮತ್ತೆ ತೂಗುವುದಿಲ್ಲ. ನ್ಯಾಯಾಲಯಗಳೂ ಹಾಗೆಯೇ ದೂರ ನಿಲ್ಲುತ್ತವೆ.

ಆದರೂ ಮೂರು ತಿರುವುಗಳನ್ನು ಹೇಳಲೇಬೇಕು. ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸುವ ಫೆಡರಲ್ ಕಾನೂನಿನಿಂದ ಅಧ್ಯಾಪಕರ ವಿಷಯದಲ್ಲಿ ಕಾಲೇಜುಗಳಿಗಿದ್ದ ವಿನಾಯಿತಿ 1972ರಲ್ಲಿ ಹೋಯಿತು. ಅದೇ ವರ್ಷ ಸುಪ್ರೀಂ ಕೋರ್ಟು ಒಂದೇ ದಿನ ಎರಡು ತೀರ್ಪು ಕೊಟ್ಟಿತು. ವಿಸ್ಕಾನ್ಸಿನ್‌ನಲ್ಲಿ ಒಂದು ವರ್ಷದ ಕರಾರಿನ ಮೇಲಿದ್ದ ಅಧ್ಯಾಪಕರಿಗೆ ಕರಾರು ನವೀಕರಿಸದಿದ್ದುದಕ್ಕೆ ಕಾರಣ ಕೇಳುವ ಸಾಂವಿಧಾನಿಕ ಹಕ್ಕಿಲ್ಲ ಎಂದಿತು. ಟೆಕ್ಸಾಸ್‌ನ ಒಡೆಸ್ಸಾ ಜೂನಿಯರ್ ಕಾಲೇಜಿನ ಮೊಕದ್ದಮೆಯಲ್ಲಿ ಬೇರೆ ಮಾತು ಬಂತು: ಅಲ್ಲಿ ಟೆನ್ಯೂರ್ ವ್ಯವಸ್ಥೆಯೇ ಇರಲಿಲ್ಲ, ಆದರೆ ಬೋಧನೆ ತೃಪ್ತಿಕರವಾಗಿರುವವರೆಗೆ ಅಧ್ಯಾಪಕರು ತಮ್ಮ ಹುದ್ದೆ ಖಾಯಂ ಎಂದು ಭಾವಿಸಲಿ ಎಂಬ ಅರ್ಥದ ಸಾಲು ಕೈಪಿಡಿಯಲ್ಲಿತ್ತು. ಆ ಸಾಲನ್ನು ಆಧರಿಸಿ ವಾಸ್ತವವಾಗಿ ಟೆನ್ಯೂರ್ ಇತ್ತೆಂದು ಸಾಬೀತುಪಡಿಸುವ ಅವಕಾಶ ಅಧ್ಯಾಪಕರಿಗೆ ಸಿಗಬೇಕೆಂದು ಕೋರ್ಟು ಹೇಳಿತು. ಕೈಪಿಡಿಯ ಪ್ರತಿ ವಾಕ್ಯವನ್ನೂ ಕಾಲೇಜುಗಳು ಇಂದು ವಕೀಲರಿಗೆ ತೋರಿಸಿಯೇ ಅಚ್ಚು ಹಾಕಿಸುವುದರ ಹಿಂದೆ ಇಂತಹ ತೀರ್ಪುಗಳಿವೆ. ಮೂರನೆಯ ತಿರುವು 1990ರದು: ತಾರತಮ್ಯದ ತನಿಖೆ ನಡೆಯುವಾಗ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ತನ್ನ ಗೋಪ್ಯ ಪರಿಶೀಲನಾ ಪತ್ರಗಳನ್ನು ತನಿಖಾ ಆಯೋಗದಿಂದ ಬಚ್ಚಿಡುವಂತಿಲ್ಲ ಎಂದು ಅದೇ ಕೋರ್ಟು ಒಮ್ಮತದಿಂದ ತೀರ್ಮಾನಿಸಿತು.

ಮೇಲಿನ ಮೆಟ್ಟಿಲು, ಮತ್ತು ಆಮೇಲಿನ ಪರಿಶೀಲನೆ

ಸಹ ಪ್ರಾಧ್ಯಾಪಕರು ಪೂರ್ಣ ಪ್ರಾಧ್ಯಾಪಕರಾಗಲು ಮತ್ತೊಂದು ಕಡತ ಬೇಕು, ಆದರೆ ಗಡಿಯಾರವಿಲ್ಲ. ಐದಾರು ವರ್ಷದ ನಂತರ ಅರ್ಜಿ ಹಾಕಬಹುದು. ಸಿಗದಿದ್ದರೆ ಕೆಲಸ ಹೋಗುವುದಿಲ್ಲ, ಮತ್ತೆ ಪ್ರಯತ್ನಿಸಬಹುದು. ಇಲ್ಲಿ ಕೇಳುವುದು ಭರವಸೆಯನ್ನಲ್ಲ, ತನ್ನ ಕಾಲೇಜಿನ ಆಚೆಗೂ ಹಬ್ಬಿದ ಹೆಸರನ್ನು. ಸಮಿತಿ ಕೆಲಸಗಳ ಭಾರದಲ್ಲಿ ಸಂಶೋಧನೆ ಹಿಂದೆ ಬಿದ್ದು ನಿವೃತ್ತಿಯವರೆಗೂ ಸಹ ಪ್ರಾಧ್ಯಾಪಕರಾಗಿಯೇ ಉಳಿಯುವವರೂ ಇದ್ದಾರೆ.

ಟೆನ್ಯೂರ್ ಪಡೆದವರನ್ನು ತೆಗೆಯಲು ಸಾಧ್ಯವೇ ಇಲ್ಲ ಎಂಬುದು ತಪ್ಪು ತಿಳಿವಳಿಕೆ. ಕರ್ತವ್ಯಲೋಪ, ದುರ್ನಡತೆ, ಅಸಾಮರ್ಥ್ಯ ಸಾಬೀತಾದರೆ, ಕಾಲೇಜು ನಿಜವಾದ ಆರ್ಥಿಕ ಸಂಕಟಕ್ಕೆ ಸಿಲುಕಿದರೆ, ಇಲ್ಲವೇ ಇಡೀ ವಿಭಾಗವೇ ಮುಚ್ಚಿದರೆ ತೆಗೆಯಬಹುದು. ಇದರ ಮೇಲೆ ನಿಯತಕಾಲಿಕ ಮರುಪರಿಶೀಲನೆ ಸೇರಿದೆ; ಟೆಕ್ಸಾಸ್‌ನ 2023ರ ಕಾನೂನು ಅದನ್ನು ಆರು ವರ್ಷಕ್ಕೆ ಒಮ್ಮೆಯಾದರೂ ನಡೆಸಬೇಕೆನ್ನುತ್ತದೆ. ವಿಸ್ಕಾನ್ಸಿನ್ 2015ರಲ್ಲಿ ಟೆನ್ಯೂರ್ ರಕ್ಷಣೆಯನ್ನು ರಾಜ್ಯದ ಕಾನೂನಿನಿಂದಲೇ ತೆಗೆದು ವಿಶ್ವವಿದ್ಯಾಲಯ ಮಂಡಳಿಯ ನೀತಿಗೆ ಬಿಟ್ಟಿತು. ಒಂದು ರಾಜ್ಯ ಕಾನೂನಿನಿಂದ ಹೊರಗಿಟ್ಟಿತು, ಇನ್ನೊಂದು ಕಾನೂನಿನೊಳಗೆ ತಂದಿತು. ಎರಡೂ ಕಡೆ ಅಧ್ಯಾಪಕರು ಕಳವಳಗೊಂಡರು.

ಏಣಿಯ ಹೊರಗಿರುವವರು

ಇಲ್ಲಿಯವರೆಗೆ ಹೇಳಿದ್ದೆಲ್ಲ ಅನ್ವಯಿಸುವುದು ಟೆನ್ಯೂರ್ ದಾರಿಯಲ್ಲಿ ನೇಮಕವಾದವರಿಗೆ ಮಾತ್ರ, ಮತ್ತು ಅವರು ಈಗ ಅಲ್ಪಸಂಖ್ಯಾತರು. ಪ್ರಾಧ್ಯಾಪಕರ ಸಂಘದ ವಿಶ್ಲೇಷಣೆಯ ಪ್ರಕಾರ ಪೂರ್ಣಾವಧಿಯ ಟೆನ್ಯೂರ್ ಹೊಂದಿದವರು 1987ರಲ್ಲಿ ಒಟ್ಟು ಅಧ್ಯಾಪಕರಲ್ಲಿ ಸುಮಾರು ಶೇ 39ರಷ್ಟಿದ್ದರು. 2021ರ ಹೊತ್ತಿಗೆ ಅವರು ಶೇ 24ಕ್ಕೆ ಇಳಿದಿದ್ದರು. ಅದೇ ಅವಧಿಯಲ್ಲಿ ಟೆನ್ಯೂರ್ ದಾರಿಯ ಹೊರಗೆ ತಾತ್ಕಾಲಿಕವಾಗಿ, ಬಹುಪಾಲು ಅರೆಕಾಲಿಕವಾಗಿ ದುಡಿಯುವವರು ಶೇ 47ರಿಂದ ಶೇ 68ಕ್ಕೆ ಏರಿದರು. ನಮ್ಮ ಅತಿಥಿ ಉಪನ್ಯಾಸಕರ ಪಾಡನ್ನು ಬಲ್ಲವರಿಗೆ ಇವರ ಸ್ಥಿತಿಯನ್ನು ಬಿಡಿಸಿ ಹೇಳಬೇಕಿಲ್ಲ: ಅವಧಿಗೊಂದು ಕರಾರು, ಮುಂದಿನ ಅವಧಿಯ ಖಾತ್ರಿ ಇಲ್ಲ, ಸಮಿತಿಯಲ್ಲಿ ಮತವಿಲ್ಲ. ಕೆಲವು ಕಾಲೇಜುಗಳು ಇವರಲ್ಲಿ ಪೂರ್ಣಾವಧಿಯವರಿಗಾಗಿ ಬೇರೊಂದು ಏಣಿಯನ್ನು ಮಾಡಿವೆ. ಉಪನ್ಯಾಸಕ, ಹಿರಿಯ ಉಪನ್ಯಾಸಕ, ಬೋಧನಾ ಪ್ರಾಧ್ಯಾಪಕ ಎಂಬ ಹೆಸರುಗಳ ಆ ಏಣಿಯಲ್ಲೂ ಕಡತವಿದೆ, ಸಮಿತಿಯಿದೆ, ತರಗತಿಗೆ ಬಂದು ಕೂರುವ ಸಹೋದ್ಯೋಗಿಗಳಿದ್ದಾರೆ. ಎಲ್ಲವನ್ನೂ ದಾಟಿದ ಮೇಲೆ ಸಿಗುವುದು ಮೂರು ಅಥವಾ ಐದು ವರ್ಷದ ಇನ್ನೊಂದು ಕರಾರು.